ಪೋರ್ಟ್ ಹಿಡಿದಿರುವುದು ಯಾರು? ಹೆಸರೊಂದನ್ನೇ ನಂಬಬೇಡಿ

ಮೈಸೂರಿನ ಸರಸ್ವತಿಪುರಂ ಕಡೆಯ ಪಿಜಿಗಳಲ್ಲಿ ಪ್ರಾಜೆಕ್ಟ್ ಸೀಸನ್ ಬಂತೆಂದರೆ ಒಂದೇ ಗೋಳು: ಸರ್ವರ್ ಶುರುವಾಗುತ್ತಿಲ್ಲ, 8080 ಪೋರ್ಟ್ ಖಾಲಿ ಇಲ್ಲ. ಪೋರ್ಟ್ ಎಂದರೆ ಪ್ರೋಗ್ರಾಂ ನೆಟ್‌ವರ್ಕ್ ಸಂಪರ್ಕಕ್ಕೆ ಕಾಯುವ, ನಂಬರ್ ಇರುವ ಬಾಗಿಲು. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದಂತೆ ಯಾವುದೋ ಪ್ರೋಗ್ರಾಂ ಅದನ್ನು ಹಿಡಿದಿರುತ್ತದೆ. ಹುಡುಗರು ಸುಮ್ನೆ ಲ್ಯಾಪ್‌ಟಾಪನ್ನೇ ರೀಸ್ಟಾರ್ಟ್ ಮಾಡುತ್ತಾರೆ. ಅದೇನೂ ಬೇಕಿಲ್ಲ.

ಲಿನಕ್ಸ್ ಟರ್ಮಿನಲ್ ತೆರೆಯಿರಿ. ಸುಡೊ, ಎಸ್ಎಸ್ ಎಂದು ಟೈಪಿಸಿ, ಮೈನಸ್ ಗುರುತಿಗೆ ಅಂಟಿಸಿ ಟಿ, ಎಲ್, ಪಿ, ಎನ್ ಹಾಕಿ. ಎಲ್ಲವೂ ಚಿಕ್ಕಕ್ಷರ. ಯಾವ ಪೋರ್ಟನ್ನು ಯಾವ ಪ್ರೋಗ್ರಾಂ ಹಿಡಿದಿದೆ ಎಂಬ ಪಟ್ಟಿ ಬರುತ್ತದೆ. ಸುಡೊ ಎಂದರೆ ಅಡ್ಮಿನ್ ಅಧಿಕಾರ, ಅದನ್ನು ಬಿಟ್ಟರೆ ಬೇರೆ ಯೂಸರ್‌ಗಳ ಪ್ರೋಗ್ರಾಂ ಹೆಸರು ಕಾಣುವುದಿಲ್ಲ. ಎನ್ ಬಿಟ್ಟರೆ 5432 ಎಂಬ ಪೋರ್ಟ್ ನಂಬರಿನ ಬದಲು ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸಿನ ಹೆಸರು ಬರುತ್ತದೆ. ಅದು ಪೋರ್ಟ್ ಪಟ್ಟಿಯಿಂದ ತೆಗೆದ ಹೆಸರು ಅಷ್ಟೇ. ಅಲ್ಲಿ ನಿಜಕ್ಕೂ ಓಡುತ್ತಿರುವುದು ಬೇರೆಯೇ ಇರಬಹುದು.

ಜನ ಎಡವುವುದು ಮುಂದಿನ ಹಂತದಲ್ಲಿ. ಎಸ್ಎಸ್ ತೋರಿಸುವುದು ಲಿನಕ್ಸಿನ ತಿರುಳಾದ ಕರ್ನಲ್ ಇಟ್ಟುಕೊಂಡ ಚಿಕ್ಕ ಹೆಸರನ್ನು. ಅದಕ್ಕೆ ಇರುವುದೇ 16 ಬೈಟ್ ಜಾಗ, ಕೊನೆಯದು ಮುಕ್ತಾಯದ ಗುರುತಿಗೆ ಹೋಗುತ್ತದೆ. ಹಾಗಾಗಿ 15 ಅಕ್ಷರ ದಾಟಿದ ಹೆಸರು ಅಲ್ಲಿಗೇ ಕತ್ತರಿಸುತ್ತದೆ. ಪ್ರೋಗ್ರಾಂ ತಾನೇ ಆ ಹೆಸರನ್ನು ಬದಲಿಸಲೂಬಹುದು. ಇದೇ ಕೆಲಸಕ್ಕೆ ಬಳಸುವ ಇನ್ನೊಂದು ಕಮಾಂಡ್ ಎಲ್‌ಎಸ್‌ಒಎಫ್ ಇನ್ನೂ ಜಿಪುಣ, ಹೇಳದೆ ಬಿಟ್ಟರೆ 9 ಅಕ್ಷರಕ್ಕೇ ನಿಲ್ಲಿಸುತ್ತದೆ. ಪ್ಲಸ್ ಸಿ, ಪಕ್ಕದಲ್ಲಿ ಸೊನ್ನೆ ಕೊಟ್ಟರೆ ಕರ್ನಲ್ ಕೊಟ್ಟಷ್ಟೂ ಬರುತ್ತದೆ. ನೆಟ್‌ಸ್ಟಾಟ್ ಎಂಬ ಮತ್ತೊಂದು ಕಮಾಂಡ್ ನೋಡುವುದು ಪ್ರೋಗ್ರಾಂ ಶುರುಮಾಡಿದ ಕಮಾಂಡನ್ನು. ಅದಕ್ಕೇ ಒಂದೇ ಪ್ರೋಗ್ರಾಂಗೆ ಎರಡು ಕಡೆ ಎರಡು ಹೆಸರು ಬರುವುದುಂಟು. ಈ ಹಳೇ ನೆಟ್‌ಸ್ಟಾಟನ್ನು ಹೊಸದಾಗಿ ಹಾಕಿಕೊಳ್ಳಬೇಡಿ, ಎಸ್ಎಸ್ ಸಾಕು.

ಜಾವಾದ್ದು ಇನ್ನೊಂದು ತಲೆನೋವು. ನಿಮ್ಮ ಸರ್ವರ್, ಟಾಮ್‌ಕ್ಯಾಟ್ ಎಂಬ ವೆಬ್ ಸರ್ವರ್, ಎಡಿಟರ್ ಹಿಂದೆ ಓಡುವ ಜಾವಾ ಸಹಾಯಕ, ಎಲ್ಲವೂ ಬರೀ ‘ಜಾವಾ’. ‘ಕಿಲ್‌ಆಲ್ ಜಾವಾ’ ಎಂಬ ಶಾರ್ಟ್‌ಕಟ್ ಯಾರೋ ಹೇಳಿಕೊಟ್ಟಿರುತ್ತಾರೆ. ಹೊಡೆದರೆ ಮೂರೂ ಒಟ್ಟಿಗೆ ಸಾಯುತ್ತವೆ! ಪೈಥಾನ್‌ನದೂ ಹೆಚ್ಚುಕಡಿಮೆ ಇದೇ ಕಥೆ.

ಆದ್ದರಿಂದ ಹೆಸರಿನ ಪಕ್ಕದ ಪಿಐಡಿ, ಅಂದರೆ ಓಡುತ್ತಿರುವ ಪ್ರತಿ ಪ್ರೋಗ್ರಾಂಗೂ ಇರುವ ಗುರುತಿನ ನಂಬರನ್ನೇ ಹಿಡಿಯಿರಿ. ಪಿಎಸ್, ಮೈನಸ್ ಎಫ್‌ಪಿ, ಆಮೇಲೆ ಆ ನಂಬರ್. ಯಾವ ಯೂಸರ್, ಯಾವ ಫೈಲು, ಯಾವಾಗ ಶುರುವಾಯಿತು, ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆ. ನಿಮ್ಮದೇ ಎಂದು ಖಚಿತವಾದ ಮೇಲೆ ಕಿಲ್ ಮತ್ತು ನಂಬರ್ ಕೊಡಿ. ಮೊದಲ ಏಟಿಗೇ ಬಲವಂತವಾಗಿ ಕೊಲ್ಲುವ ಮೈನಸ್ 9 ಬೇಡ, ಪ್ರೋಗ್ರಾಂಗೆ ಫೈಲು ಮುಚ್ಚಿಕೊಳ್ಳಲೂ ಸಮಯ ಸಿಗುವುದಿಲ್ಲ.

ಕೊಂದರೂ ಮತ್ತೆ ಎದ್ದು ಬಂತಾ? ಹಿನ್ನೆಲೆಯ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಅದನ್ನು ಎಬ್ಬಿಸುತ್ತಿರಬಹುದು, ಸಿಸ್ಟಮ್‌ಸಿಟಿಎಲ್ ಸ್ಟಾಪ್ ಕೊಟ್ಟು ಆ ಸರ್ವಿಸನ್ನೇ ನಿಲ್ಲಿಸಿ. ಹೆಸರಿನ ಜಾಗದಲ್ಲಿ ‘ಡಾಕರ್-ಪ್ರಾಕ್ಸಿ’ ಕಂಡರೆ ಅದನ್ನು ಕೊಲ್ಲಬೇಡಿ. ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್ ಆ ಪೋರ್ಟನ್ನು ಹಿಡಿದಿದೆ ಎಂದರ್ಥ. ಡಾಕರ್ ಪಿಎಸ್ ಕೊಟ್ಟು ಆ ಪೋರ್ಟಿನ ಕಂಟೇನರ್ ಹುಡುಕಿ, ಅದನ್ನು ನಿಲ್ಲಿಸಿ.