ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ ಫ್ಯಾಮಿಲಿ ಕೋರ್ಟಿನ ಕಾಗದ ತೆಗೆಸುವುದು: ಹೊಸಬರಿಗೆ ಮಾರ್ಗದರ್ಶಿ

ಹೋದ ಡಿಸೆಂಬರಿನಲ್ಲಿ ದಾವಣಗೆರೆ ಕಡೆಯ ಹುಡುಗಿಯೊಬ್ಬಳು ಫೈಲ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಡೈವೋರ್ಸ್ ಆಗಿ ಎರಡು ವರ್ಷವಾಗಿತ್ತು. ಊರಿನಲ್ಲಿ ಮತ್ತೊಂದು ಸಂಬಂಧ ಕುದುರಿತ್ತು. ಮದುವೆ ನೋಂದಣಿಗೆ ಕೋರ್ಟಿನ ಮೊಹರಿರುವ ಪ್ರತಿಯೇ ಬೇಕು ಅಂತ ಅಲ್ಲಿಯ ವಕೀಲರು ಹೇಳಿದ್ದರಂತೆ. ಇವಳ ಫೈಲಿನಲ್ಲಿದ್ದದ್ದು ಇಮೇಲಿನಲ್ಲಿ ಬಂದ ಪಿಡಿಎಫ್‌ನ ಪ್ರಿಂಟು. "ಇದ್ರಾಗೇನು ಕಡಿಮೆ ಐತಕ್ಕಾ?" ಅಂದಳು. ಆ ಹೊತ್ತಿಗಾಗಲೇ ಡೈವೋರ್ಸ್ ದಾಖಲೆ ಕೊಡುತ್ತೇವೆ ಅನ್ನುವ ಯಾವುದೋ ವೆಬ್‌ಸೈಟಿಗೆ ದುಡ್ಡು ಕಟ್ಟಿದ್ದಳು. ಅವರು ಕಳಿಸಿದ್ದು ಅವಳದೇ ಹಳೆಯ ವಿಳಾಸಗಳ ಪಟ್ಟಿ. ಮಾರನೆಯ ದಿನ ಇಬ್ಬರೂ ಸ್ಯಾನ್ ಹೋಸೆಗೆ ಹೋದೆವು, ಬೆಳಗಿನ ಹೊತ್ತಿನಲ್ಲೇ ಕೆಲಸ ಮುಗಿಯಿತು. ನಿಮ್ಮ ಕೇಸಿನ ಕಾಗದವನ್ನು ನೀವೇ ತೆಗೆಸಬಹುದು. ವಕೀಲರೂ ಬೇಡ, ಏಜೆಂಟೂ ಬೇಡ.

ಮೊದಲು ಗೊತ್ತಿರಬೇಕಾದದ್ದು ಯಾವ ಕೌಂಟಿ ಅನ್ನುವುದು. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಕ್ಯಾಲಿಫೋರ್ನಿಯಾದಲ್ಲಿ 58 ಇವೆ, ಒಂದೊಂದಕ್ಕೂ ಒಂದು ಸುಪೀರಿಯರ್ ಕೋರ್ಟು. ನೀವು ಈಗ ಎಲ್ಲಿದ್ದೀರಿ ಅನ್ನುವುದು ಲೆಕ್ಕಕ್ಕಿಲ್ಲ, ಕೇಸು ಎಲ್ಲಿ ಹಾಕಿದ್ದರೋ ಕಾಗದ ಅಲ್ಲೇ ಇರುತ್ತದೆ. ಸನ್ನಿವೇಲ್, ಕುಪರ್ಟಿನೊ, ಮಿಲ್ಪಿಟಾಸ್, ಸ್ಯಾನ್ ಹೋಸೆ ಎಲ್ಲ ಸ್ಯಾಂಟಾ ಕ್ಲಾರಾ ಕೌಂಟಿ. ಮಿಲ್ಪಿಟಾಸ್ ದಾಟಿ ಫ್ರೀಮಾಂಟಿಗೆ ಕಾಲಿಟ್ಟರೆ ಅಲಮೀಡಾ. ಡಬ್ಲಿನ್ ಮತ್ತು ಸ್ಯಾನ್ ರಮೋನ್ ಅಕ್ಕಪಕ್ಕದ ಊರುಗಳು, ಆದರೆ ಡಬ್ಲಿನ್ ಅಲಮೀಡಾಕ್ಕೆ ಸೇರಿದೆ, ಸ್ಯಾನ್ ರಮೋನ್ ಕಾಂಟ್ರಾ ಕೋಸ್ಟಾಕ್ಕೆ. ಒಂದು ರಸ್ತೆ ಆಚೀಚೆಯಾದರೆ ಕೋರ್ಟೇ ಬೇರೆ.

ಇನ್ನೊಂದು ಗೊಂದಲ ಕ್ಲರ್ಕ್-ರೆಕಾರ್ಡರ್ ಕಚೇರಿಯದು. ಮ್ಯಾರೇಜ್ ಸರ್ಟಿಫಿಕೇಟ್ ಅಲ್ಲಿ ಸಿಕ್ಕಿತ್ತಲ್ಲ, ಡೈವೋರ್ಸ್ ಕಾಗದವೂ ಅಲ್ಲೇ ಇರಬೇಕು ಅಂದುಕೊಂಡು ನಮ್ಮವರು ಅಲ್ಲಿಗೆ ಹೋಗಿ ಬರಿಗೈಯಲ್ಲಿ ಬರುತ್ತಾರೆ. ಮದುವೆಯ ದಾಖಲೆ ಅವರದು, ಬಿಡುಗಡೆಯದು ಕೋರ್ಟಿನದು. ರಾಜ್ಯದ ಆರೋಗ್ಯ ಇಲಾಖೆಯ ಬಳಿ 1962ರಿಂದ 1984ರ ಜೂನ್‌ವರೆಗಿನ ಡೈವೋರ್ಸ್‌ಗಳ ಬರೀ ಪಟ್ಟಿ ಇದೆ, ಅದರಿಂದ ನಿಮಗೆ ಉಪಯೋಗವಿಲ್ಲ.

ಸ್ಯಾಂಟಾ ಕ್ಲಾರಾದ ಫ್ಯಾಮಿಲಿ ಕೋರ್ಟು ಇರುವುದು ಸ್ಯಾನ್ ಹೋಸೆಯ 201 ನಾರ್ತ್ ಫಸ್ಟ್ ಸ್ಟ್ರೀಟಿನಲ್ಲಿ, ಫ್ಯಾಮಿಲಿ ಜಸ್ಟಿಸ್ ಸೆಂಟರ್ ಕೋರ್ಟ್‌ಹೌಸ್ ಅನ್ನುವ ಕಟ್ಟಡದಲ್ಲಿ. ಕಾರಿಲ್ಲದವರು ಲೈಟ್ ರೈಲಿನಲ್ಲಿ ಸೇಂಟ್ ಜೇಮ್ಸ್ ಸ್ಟೇಷನ್ನಿನಲ್ಲಿ ಇಳಿದು ನಡೆದೇ ಹೋಗಬಹುದು. ಬಾಗಿಲಲ್ಲಿ ಏರ್‌ಪೋರ್ಟಿನ ಹಾಗೆ ತಪಾಸಣೆ ಇರುತ್ತದೆ.

ಹೊರಡುವ ಮುಂಚೆ ಕೇಸ್ ನಂಬರ್ ಹುಡುಕಿಟ್ಟುಕೊಳ್ಳಿ. ಕೋರ್ಟಿನ ಆನ್‌ಲೈನ್ ಪೋರ್ಟಲಿನಲ್ಲಿ ಹೆಸರು ಹಾಕಿ ಹುಡುಕಬಹುದು. ನಮ್ಮವರು ಸೋಲುವುದು ಇಲ್ಲೇ. ಗೌಡ ಅನ್ನುವುದನ್ನು ಇಂಗ್ಲಿಷಿನಲ್ಲಿ ಡಬ್ಲ್ಯೂ ಹಾಕಿಯೂ ಬರೆಯುತ್ತಾರೆ, ಯು ಹಾಕಿಯೂ ಬರೆಯುತ್ತಾರೆ. ಲಕ್ಷ್ಮಿಗೆ ಎಕ್ಸ್ ಒಂದು ಕಡೆ, ಕೆಎಸ್‌ಎಚ್ ಇನ್ನೊಂದು ಕಡೆ. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೋ ಅಪ್ಪನ ಹೆಸರೋ ಸರ್‌ನೇಮ್ ಆಗಿ ಕೂತಿರುತ್ತದೆ, ಇಲ್ಲವೇ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಅಂತ ಬಂದಿರುತ್ತದೆ. ಹಿಂದುಮುಂದು ಮಾಡಿ ಹುಡುಕಿ, ಗಂಡನ ಹೆಸರಿನಲ್ಲೂ ಹುಡುಕಿ. ನಾವು ಆ ಹುಡುಗಿಯ ಕೇಸು ಕಂಡುಹಿಡಿದದ್ದು ಅವಳ ತಂದೆಯ ಹೆಸರು ಹಾಕಿದಾಗ. ನಂಬರ್ ಇಲ್ಲದೆ ಹೋದರೆ ಗುಮಾಸ್ತರೇ ಹುಡುಕಿಕೊಡುತ್ತಾರೆ, ಆದರೆ ಹುಡುಕಲು ಹತ್ತು ನಿಮಿಷ ಮೀರಿದರೆ 15 ಡಾಲರ್ ಶುಲ್ಕ.

ಪೋರ್ಟಲಿನಲ್ಲಿ ಕೇಸಿನ ಪಟ್ಟಿ ಕಾಣುತ್ತದೆ, ಕಾಗದ ಮಾತ್ರ ತೆರೆಯುವುದಿಲ್ಲ. ವೆಬ್‌ಸೈಟ್ ಕೆಟ್ಟಿದೆ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾ ಕೋರ್ಟ್ ನಿಯಮ 2.503ರ ಪ್ರಕಾರ ಡೈವೋರ್ಸ್, ಮಕ್ಕಳ ಕಸ್ಟಡಿ, ಜೀವನಾಂಶ, ಕೌಟುಂಬಿಕ ಹಿಂಸೆಯ ಕೇಸುಗಳ ಕಾಗದಗಳನ್ನು ಸಾರ್ವಜನಿಕರು ದೂರದಿಂದ ನೋಡುವಂತಿಲ್ಲ, ಕೋರ್ಟಿಗೇ ಹೋಗಬೇಕು. ಮಕ್ಕಳ ವಿಷಯ, ಸಂಬಳದ ವಿವರ ಎಲ್ಲ ಇರುವ ಕಾಗದ ಇಂಟರ್ನೆಟ್ಟಿನಲ್ಲಿ ಹರಿದಾಡದಿರಲಿ ಅಂತ ಮಾಡಿದ ಕಟ್ಟುಪಾಡು ಇದು. ನನಗೆ ಇದು ಸರಿ ಅನ್ನಿಸುತ್ತದೆ.

ಕೌಂಟರಿನಲ್ಲಿ "ಕಾಪಿ ಬೇಕು" ಅಂದರೆ ಬರೀ ಜೆರಾಕ್ಸ್ ಸಿಗುತ್ತದೆ, ಪುಟಕ್ಕೆ 50 ಸೆಂಟ್. ಎಲ್ಲಾದರೂ ಸಲ್ಲಿಸಬೇಕಿದ್ದರೆ "ಸರ್ಟಿಫೈಡ್ ಕಾಪಿ" ಅಂತಲೇ ಕೇಳಿ. ಡೈವೋರ್ಸ್ ತೀರ್ಪಿನ ದೃಢೀಕರಣಕ್ಕೆ 15 ಡಾಲರ್, ಉಳಿದ ಕಾಗದಗಳಿಗೆ 40. ಆದಾಯ ಕಡಿಮೆ ಇರುವವರು ಎಫ್‌ಡಬ್ಲ್ಯೂ-001 ಫಾರ್ಮ್ ತುಂಬಿ ಶುಲ್ಕ ಮಾಫಿ ಕೇಳಬಹುದು. ಎಚ್-4, ಅಂದರೆ ಗಂಡನ ಕೆಲಸದ ವೀಸಾದ ಮೇಲೆ ನಿಂತ ವೀಸಾದಲ್ಲಿದ್ದು ಕೈಯಲ್ಲಿ ದುಡಿಮೆ ಇಲ್ಲದ ಹೆಣ್ಣುಮಕ್ಕಳೇ, ಇದನ್ನು ಕೇಳಲು ಸಂಕೋಚ ಬೇಡ. ಊರು ಬಿಟ್ಟು ದೂರ ಹೋಗಿದ್ದರೆ ಅಂಚೆಯಲ್ಲೂ ತರಿಸಿಕೊಳ್ಳಬಹುದು, ಅರ್ಜಿಯ ಜೊತೆಗೆ ನಿಮ್ಮ ವಿಳಾಸ ಬರೆದು ಸ್ಟಾಂಪ್ ಹಚ್ಚಿದ ಲಕೋಟೆ ಇಡಿ.

ಕೈಗೆ ಬಂದ ತೀರ್ಪನ್ನು ಅಲ್ಲೇ ನಿಂತು ಓದಿ. ಫಾರ್ಮಿನ ಹೆಸರು ಎಫ್‌ಎಲ್-180. ಬಲಗಡೆ ಮೇಲೆ ಕೋರ್ಟಿನ ಸೀಲು, ಎಡಗಡೆ ಚೌಕದೊಳಗೆ ವೈವಾಹಿಕ ಸಂಬಂಧ ಕೊನೆಗೊಳ್ಳುವ ದಿನಾಂಕ. ಸೀಲಿನ ದಿನಾಂಕವೂ ಇದೂ ಬೇರೆಬೇರೆ ಇರಬಹುದು. ನಮ್ಮ ಹುಡುಗಿಯದರಲ್ಲಿ ಮೂರು ವಾರದ ವ್ಯತ್ಯಾಸ ಇತ್ತು. ಅವಳು ಅದುವರೆಗೆ ಎಲ್ಲ ಅರ್ಜಿಯಲ್ಲೂ ಸೀಲಿನ ದಿನಾಂಕವನ್ನೇ ಬರೆದಿದ್ದಳು. ಕಾನೂನಿನ ಕಣ್ಣಿಗೆ ನೀವು ಒಂಟಿಯಾಗುವುದು ಚೌಕದೊಳಗಿನ ದಿನ. ಎಚ್-4 ಇರುವವರಿಗೆ ಗಂಡನ ಮೇಲೆ ನಿಂತ ಆ ವೀಸಾ ಹೋಗುವುದೂ ಆ ದಿನದಿಂದಲೇ, ಆದ್ದರಿಂದ ಅದಕ್ಕೆ ಮುಂಚೆಯೇ ಇಮಿಗ್ರೇಷನ್ ವಕೀಲರನ್ನು ಕಾಣಿ. ಜೊತೆಗೆ ಎಫ್‌ಎಲ್-190 ಅನ್ನುವ ಒಂದು ನೋಟಿಸ್ ಅಂಚೆಯಲ್ಲಿ ಬಂದಿರುತ್ತದೆ. ಆ ದಿನಾಂಕಕ್ಕೆ ಮೊದಲು ಮರುಮದುವೆಯಾಗುವಂತಿಲ್ಲ ಅಂತ ಅದರಲ್ಲಿ ಅಚ್ಚಾಗಿಯೇ ಇದೆ. ಹುಟ್ಟುಮನೆಯ ಹೆಸರಿಗೆ ಮರಳಬೇಕು ಅನ್ನುವವರು ತೀರ್ಪಿನಲ್ಲಿ ಅದು ಬಂದಿದೆಯೇ ನೋಡಿಕೊಳ್ಳಿ. ಬಿಟ್ಟುಹೋಗಿದ್ದರೆ ಎಫ್‌ಎಲ್-395 ಹಾಕಿ ಆಮೇಲೂ ಪಡೆಯಬಹುದು.

ಈ ಕಾಗದ ಊರಿಗೆ ಹೋಗಬೇಕಿದ್ದರೆ ತೀರ್ಪೊಂದೇ ಸಾಲದು. ಇದನ್ನು ಬಹಳ ಜನ ತಡವಾಗಿ ತಿಳಿದು ಪೇಚಾಡಿದ್ದನ್ನು ನೋಡಿದ್ದೇನೆ. ವೈ. ನರಸಿಂಹ ರಾವ್ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟು 1991ರಲ್ಲಿ ಹೇಳಿದ್ದು ಇದು: ಮದುವೆ ಯಾವ ಕಾನೂನಿನಡಿ ಆಯಿತೋ ಆ ಕಾನೂನು ಒಪ್ಪದ ಕಾರಣಕ್ಕೆ ವಿದೇಶಿ ಕೋರ್ಟು ಕೊಟ್ಟ ವಿಚ್ಛೇದನಕ್ಕೆ ಭಾರತದಲ್ಲಿ ಸಾಮಾನ್ಯವಾಗಿ ಮಾನ್ಯತೆ ಇಲ್ಲ. ಎದುರು ಪಕ್ಷದವರು ವಿಚ್ಛೇದನಕ್ಕೆ ಒಪ್ಪಿಗೆ ಕೊಟ್ಟಿದ್ದರೆ ಮಾತು ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಹೊಂದಾಣಿಕೆ ಮುರಿದಿದೆ ಅಂದರೆ ಸಾಕು ವಿಚ್ಛೇದನ ಸಿಗುತ್ತದೆ, ಹಿಂದೂ ವಿವಾಹ ಕಾಯ್ದೆಯಲ್ಲಿ ಆ ಕಾರಣ ಇಲ್ಲ. ಆದ್ದರಿಂದ ಊರಿನಲ್ಲಿ ಮೊದಲು ಬರುವ ಪ್ರಶ್ನೆ, ಇನ್ನೊಬ್ಬರು ಒಪ್ಪಿದ್ದರೇ ಅಂತ. ಅದಕ್ಕೆ ಉತ್ತರ ಅದೇ ಫೈಲಿನಲ್ಲಿದೆ. ಸಮನ್ಸ್ ತಲುಪಿದ್ದಕ್ಕೆ ಎಫ್‌ಎಲ್-115, ಎದುರು ಪಕ್ಷ ಉತ್ತರ ಕೊಟ್ಟಿದ್ದರೆ ಎಫ್‌ಎಲ್-120, ಒಪ್ಪಿ ಸಹಿ ಹಾಕಿದ್ದರೆ ಎಫ್‌ಎಲ್-130, ಜೊತೆಗೆ ಇಬ್ಬರೂ ಸಹಿ ಹಾಕಿದ ಒಪ್ಪಂದ. ಇವುಗಳ ಸರ್ಟಿಫೈಡ್ ಪ್ರತಿಯನ್ನೂ ಅವತ್ತೇ ತೆಗೆಸಿ. ಆಮೇಲೆ ಊರಿನ ವಕೀಲರಿಗೆ ತೋರಿಸಿ, ಅಲ್ಲಿ ಇನ್ನೇನಾದರೂ ಮಾಡಬೇಕೋ ಅವರೇ ಹೇಳುತ್ತಾರೆ.

ನಂತರ ಅಪೊಸ್ಟಿಲ್, ಅಂದರೆ ಒಂದು ದೇಶದ ಕಾಗದ ಅಸಲಿ ಅಂತ ಇನ್ನೊಂದು ದೇಶ ಒಪ್ಪುವಂತೆ ಹಚ್ಚುವ ಸರ್ಕಾರಿ ದೃಢೀಕರಣ ಪತ್ರ. ಇದನ್ನು ಒಪ್ಪುವ ದೇಶಗಳ ಒಪ್ಪಂದದಲ್ಲಿ ಭಾರತ 2005ರಿಂದ ಇದೆ, ಹಾಗಾಗಿ ಕಾನ್ಸುಲೇಟಿಗೆ ಅಲೆಯಬೇಕಿಲ್ಲ. ಕೋರ್ಟಿನ ಸರ್ಟಿಫೈಡ್ ಪ್ರತಿಯನ್ನು ಸ್ಯಾಕ್ರಮೆಂಟೊದಲ್ಲಿರುವ ಕ್ಯಾಲಿಫೋರ್ನಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಕಳಿಸಿದರೆ 20 ಡಾಲರ್‌ಗೆ ಹಚ್ಚಿಕೊಡುತ್ತಾರೆ. ಸ್ಟೇಪಲ್ ಪಿನ್ ಬಿಚ್ಚಬೇಡಿ. ಸ್ಕ್ಯಾನ್ ಮಾಡುವ ಆತುರದಲ್ಲಿ ಒಬ್ಬರು ಪಿನ್ ಕಿತ್ತು, ಮತ್ತೆ ಹೊಸ ಪ್ರತಿ ತೆಗೆಸಬೇಕಾಗಿ ಬಂದದ್ದು ನನಗೆ ಗೊತ್ತು.

ಮಕ್ಕಳಿದ್ದವರಿಗೆ ಕಸ್ಟಡಿ ಆದೇಶದ ಪ್ರತಿ ಸದಾ ಕೈಗೆಟುಕುವಂತಿರಲಿ. 16 ವರ್ಷದೊಳಗಿನ ಮಗುವಿಗೆ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಲು ತಂದೆತಾಯಿ ಇಬ್ಬರ ಒಪ್ಪಿಗೆಯೂ ಬೇಕು, ಇಲ್ಲವಾದರೆ ಒಬ್ಬರಿಗೇ ಪೂರ್ಣ ಹಕ್ಕು ಕೊಟ್ಟ ಆದೇಶ ತೋರಿಸಬೇಕು. ಕೇಸು ನಡೆಯುತ್ತಿರುವಾಗಲಂತೂ ಸಮನ್ಸಿನ ಹಿಂದಿನ ಪುಟವನ್ನು ಓದದೆ ಊರಿನ ಟಿಕೆಟ್ ತೆಗೆಯಬೇಡಿ. ಇನ್ನೊಬ್ಬರ ಲಿಖಿತ ಒಪ್ಪಿಗೆಯೋ ಕೋರ್ಟಿನ ಅನುಮತಿಯೋ ಇಲ್ಲದೆ ಮಗುವನ್ನು ರಾಜ್ಯದಿಂದ ಆಚೆ ಕರೆದೊಯ್ಯುವಂತಿಲ್ಲ ಅಂತ ಅಲ್ಲಿ ಬರೆದಿದೆ.

ಎಲ್ಲವೂ ಎಲ್ಲರಿಗೂ ತೆರೆದಿರುವುದಿಲ್ಲ. ದತ್ತು ಫೈಲುಗಳು, ಕಸ್ಟಡಿ ಬಗ್ಗೆ ತಜ್ಞರು ಕೊಟ್ಟ ವರದಿ, ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಇವೆಲ್ಲ ಗೋಪ್ಯ. ಆದರೆ ಸಾಮಾನ್ಯ ಡೈವೋರ್ಸ್ ಫೈಲನ್ನು ಕೋರ್ಟಿನಲ್ಲಿ ಕೂತು ಯಾರು ಬೇಕಾದರೂ ಓದಬಹುದು. ಸಂಬಂಧ ನೋಡುವಾಗ ಹುಡುಗನ ಹಿಂದಿನ ಮದುವೆ ನಿಜವಾಗಿ ಮುಗಿದಿದೆಯೇ ಅಂತ ತಿಳಿಯಲು ಇದನ್ನು ಬಳಸಿ, ಅದು ನ್ಯಾಯ. ಪರಿಚಯದವರ ಸಂಸಾರದ ಕಥೆ ಓದಲು ಹೋಗಬೇಡಿ. ಈ ಊರಿನಲ್ಲಿ ನಾವೆಲ್ಲ ಒಬ್ಬರಿಗೊಬ್ಬರು ಬೇಕಾದವರು.

ಭಾಷೆ ತೊಡಕಾದರೆ ವಿಚಾರಣೆಗೆ ದುಭಾಷಿಯನ್ನು ಕೋರ್ಟೇ ಉಚಿತವಾಗಿ ಕೊಡುತ್ತದೆ. ಐಎನ್‌ಟಿ-300 ಫಾರ್ಮಿನಲ್ಲಿ ಕನ್ನಡ ಅಂತ ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ಹಿಂದಿಯವರನ್ನು ಕಳಿಸಿಬಿಡುತ್ತಾರೆ. ಕನ್ನಡದವರು ಸಿಗಲು ಸಮಯ ಹಿಡಿಯುವುದರಿಂದ ಆದಷ್ಟು ಮೊದಲೇ ಕೊಡಿ. ಫಾರ್ಮ್ ತುಂಬಲು ಪ್ರತಿ ಕೌಂಟಿಯಲ್ಲೂ ಫ್ಯಾಮಿಲಿ ಲಾ ಫೆಸಿಲಿಟೇಟರ್ ಇದ್ದಾರೆ, ಅವರಿಗೂ ದುಡ್ಡು ಕೊಡಬೇಕಿಲ್ಲ. ಅವರು ನಿಮ್ಮ ಪರ ವಾದ ಮಾಡುವ ವಕೀಲರಲ್ಲ, ನಿಮ್ಮ ಗಂಡನೂ ಅವರ ಬಳಿಯೇ ಹೋಗಬಹುದು.

ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದು ರಕ್ಷಣೆಯ ಆದೇಶ ಪಡೆದಿದ್ದರೆ ಅದರ ಮೂರು ಸರ್ಟಿಫೈಡ್ ಪ್ರತಿಗಳವರೆಗೆ ಕೋರ್ಟು ಉಚಿತವಾಗಿ ಕೊಡುತ್ತದೆ. ಒಂದು ಪರ್ಸಿನಲ್ಲಿರಲಿ, ಒಂದು ಮಗುವಿನ ಶಾಲೆಗೆ ಕೊಡಿ, ಒಂದು ನೀವು ನಂಬುವ ಗೆಳತಿಯ ಮನೆಯಲ್ಲಿರಲಿ. ಕೋರ್ಟಿನವರೆಗೆ ಹೋಗುವ ಧೈರ್ಯ ಇನ್ನೂ ಬಂದಿಲ್ಲ ಅಂದರೆ 1991ರಿಂದ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳ ಜೊತೆ ನಿಂತಿರುವ ಮೈತ್ರಿ ಸಂಸ್ಥೆಗೆ ಫೋನ್ ಮಾಡಿ. ನೀವು ಹೇಳಿದ್ದು ಅಲ್ಲಿಂದ ಆಚೆ ಹೋಗುವುದಿಲ್ಲ.