ನಲ್ಲಿ ನೀರು ಎಷ್ಟು ಗಡಸು, ಎಷ್ಟು ಸೇಫ್: ಮನೇಲೇ ನೋಡ್ಕೊಳ್ಳೋದು ಹೇಗೆ

ಫಿಲ್ಟರ್ ತಗೊಳ್ಳೋಕೆ ಮುಂಚೆ ದಯವಿಟ್ಟು ಇದನ್ನ ಒಂದ್ಸಲ ಓದಿ. ಗಡಸು ನೀರು ಬೇರೆ, ಕೆಟ್ಟ ನೀರು ಬೇರೆ. ಎರಡೂ ಒಂದೇ ಅಂದ್ಕೊಂಡು ಎಷ್ಟೋ ಜನ ಬೇಡದ ಮಷೀನಿಗೆ ದುಡ್ಡು ಸುರೀತಾರೆ, ನಿಜವಾಗ್ಲೂ ಟೆಸ್ಟ್ ಮಾಡಿಸ್ಬೇಕಾಗಿದ್ದನ್ನ ಮಾಡ್ಸೋದೇ ಇಲ್ಲ, ಅದು ನೋಡಿದ್ರೆ ನಂಗೆ ಸಂಕಟ ಆಗತ್ತೆ.

ಗಡಸು ಅಂದ್ರೆ ನೀರಲ್ಲಿ ಕರಗಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಷ್ಟೇ. ಕುಡಿದ್ರೆ ವಿಷ ಏನಲ್ಲ. ಬೋರ್‌ವೆಲ್ ನೀರು ಕಲ್ಲು ಮಣ್ಣಿನ ಮಧ್ಯೆ ತುಂಬಾ ದಿನ ನಿಂತಿರತ್ತೆ, ಹಾಗಾಗಿ ಸಾಮಾನ್ಯವಾಗಿ ಹೊಳೆ ನೀರಿಗಿಂತ ಗಡಸು. ಒಂದೇ ಊರಿಗೆ ಎರಡೂ ಕಡೆಯಿಂದ ನೀರು ಬರ್ತಿದ್ರೆ ಪಕ್ಕದ ಬೀದಿಯವರ ರಿಪೋರ್ಟ್ ನಿಮಗೆ ಹೊಂದಲ್ಲ, ನಿಮ್ಮ ನಲ್ಲಿದೇ ನೋಡ್ಬೇಕು.

ಮೊದಲು ಸೋಪ್ ಟೆಸ್ಟ್. ಒಂದು ಖಾಲಿ ಬಾಟಲಿಗೆ ಕಾಲು ಭಾಗ ನಲ್ಲಿ ನೀರು, ಇನ್ನೊಂದಕ್ಕೆ ಅಷ್ಟೇ ಡಿಸ್ಟಿಲ್ಡ್ ವಾಟರ್, ಎರಡಕ್ಕೂ ಒಂದೇ ಅಳತೆ ಸಾದಾ ಸೋಪು ತುರಿದು ಹಾಕಿ ಜೋರಾಗಿ ಅಲ್ಲಾಡ್ಸಿ. ಶಾಂಪೂ, ಡಿಟರ್ಜೆಂಟ್ ಹಾಕ್ಬೇಡಿ, ಅವು ಗಡಸು ನೀರಲ್ಲೂ ನೊರೆ ಬರ್ಸತ್ವೆ. ಡಿಸ್ಟಿಲ್ಡ್ ಬಾಟಲಲ್ಲಿ ನೊರೆ ತುಂಬ್ಕೊಳತ್ತೆ. ಗಡಸು ನೀರಲ್ಲಿ ನೊರೆ ಬಂದಂಗೆ ಮಾಡಿ ಇಳಿದುಹೋಗತ್ತೆ, ನೀರು ಮಸುಕಾಗಿ ಒಡೆದ ಹಾಲಿನ ಥರ ಬಿಳಿ ಚೂರು ತೇಲತ್ವೆ. ಬಕೆಟ್ ಅಂಚಿಗೆ ಜಿಡ್ಡು ಜಿಡ್ಡಾಗಿ ಅಂಟ್ಕೊಳ್ಳೋದೂ ಇದೇ.

ನಂಬರ್ ಬೇಕಂದ್ರೆ ಹಾರ್ಡ್‌ನೆಸ್ ಡ್ರಾಪ್ ಕಿಟ್ ತಗೊಳ್ಳಿ, ನೀರಲ್ಲಿ ಅದ್ದಿ ಬಣ್ಣ ನೋಡೋ ಸ್ಟ್ರಿಪ್‌ಗಿಂತ ಅದೇ ವಾಸಿ. ಹೆಚ್ಚಿನ ಕಿಟ್‌ಗಳಲ್ಲಿ ಇಂಡಿಕೇಟರ್ (ಬಣ್ಣ ತೋರ್ಸೋ ದ್ರಾವಣ) ಹಾಕಿದ ತಕ್ಷಣ ನೀರು ದ್ರಾಕ್ಷಿ ರಸದ ಕೆಂಪಿಗೆ ತಿರುಗತ್ತೆ, ಆಮೇಲೆ ಒಂದೊಂದೇ ಹನಿ ಬಿಡ್ತಾ ಎಣಿಸ್ತಾ ಹೋಗಿ, ಕೊನೆ ಹತ್ರ ನೇರಳೆ ಆಗತ್ತೆ, ಅಲ್ಲಿ ಆತುರ ಮಾಡ್ಬೇಡಿ, ಪೂರ್ತಿ ನೀಲಿ ಆದಾಗ್ಲೇ ಲೆಕ್ಕ ನಿಲ್ಸಿ. ಒಂದು ಹನಿಗೆ ಎಷ್ಟು ಮಿಲಿಗ್ರಾಂ ಅಂತ ಕಿಟ್ ಜೊತೆ ಬಂದ ಚೀಟಿ ನೋಡಿ ಗುಣಿಸಿ. ಲೀಟರಿಗೆ 60 ಮಿಲಿಗ್ರಾಂ ಒಳಗಿದ್ರೆ ಮೆದು ನೀರು, 120ರ ತನಕ ಸ್ವಲ್ಪ ಗಡಸು, 180ರ ತನಕ ಗಡಸು, ಅದರ ಮೇಲೆ ತುಂಬಾ ಗಡಸು. ಕೆಲವು ಡಿಶ್‌ವಾಷರ್ ಮ್ಯಾನ್ಯುಯಲ್‌ಗಳಲ್ಲಿ ಜರ್ಮನ್ ಡಿಗ್ರಿ ಅಂತ ಕೊಟ್ಟಿರ್ತಾರೆ, ಒಂದು ಡಿಗ್ರಿ ಅಂದ್ರೆ ಸುಮಾರು 17.8 ಮಿಲಿಗ್ರಾಂ.

ಇನ್ನು ಟಿಡಿಎಸ್ ಮೀಟರ್. ಅದು ನೀರಲ್ಲಿ ಕರೆಂಟ್ ಎಷ್ಟು ಹರಿಯತ್ತೆ ಅಂತ ಅಳೆದು ಒಟ್ಟು ಕರಗಿರೋ ಲವಣ ಅಂದಾಜು ಮಾಡತ್ತೆ, ಅದ್ರಲ್ಲಿ ಗಡಸು ಎಷ್ಟು, ಮಾಮೂಲಿ ಉಪ್ಪೆಷ್ಟು ಗೊತ್ತಾಗಲ್ಲ, ಬ್ಯಾಕ್ಟೀರಿಯಾ ಅಂತೂ ಕಾಣೋದೇ ಇಲ್ಲ. ನಮ್ಮ ಮನೆಗೊಬ್ರು ಮಷೀನ್ ಮಾರೋಕೆ ಬಂದು ಎರಡು ಲೋಟಕ್ಕೆ ಕರೆಂಟ್ ಕಡ್ಡಿ ಇಳಿಸಿದ್ರು, ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿತು, ಅವರ ನೀರು ಹಾಗೇ ತಿಳಿಯಾಗಿತ್ತು, ಅಮ್ಮ ಹೆದರಿಬಿಟ್ರು. ಆ ಬಣ್ಣ ಕಬ್ಬಿಣದ ಕಡ್ಡಿ ಕರಗಿ ಬಂದಿದ್ದು, ನೀರಿನ ಕೊಳೆ ಅಲ್ಲ. ಫಿಲ್ಟರ್ ನೀರಲ್ಲಿ ಲವಣ ಕಮ್ಮಿ, ಕರೆಂಟ್ ಸರಿಯಾಗಿ ಹರಿಯಲ್ಲ, ಅದಕ್ಕೇ ಬಣ್ಣ ಬರಲ್ಲ. ಅದೇ ನೀರಿಗೆ ಚಿಟಿಕೆ ಉಪ್ಪು ಹಾಕಿ ನೋಡಿ ಅಂದೆ, ಅದೂ ಕಂದಾಯ್ತು.

ಸೇಫ್ಟಿ ವಿಷ್ಯಕ್ಕೆ ಲ್ಯಾಬೇ ಗತಿ. ಇ ಕೋಲಿ (ನೀರಿಗೆ ಮಲ ಸೇರಿದೆ ಅಂತ ತೋರ್ಸೋ ಬ್ಯಾಕ್ಟೀರಿಯಾ) 100 ಎಂಎಲ್ ನೀರಲ್ಲಿ ಒಂದೂ ಇರಬಾರದು. ಸ್ಯಾಂಪಲ್‌ಗೆ ಲ್ಯಾಬ್‌ನವರು ಕೊಟ್ಟ ಸ್ಟೆರೈಲ್ ಬಾಟಲೇ ಬೇಕು, ಬಾಟಲಿ ಬಾಯಿ ಕೈಯಲ್ಲಿ ಮುಟ್ಬಾರ್ದು, ತಂಪಾಗಿಟ್ಟು ಅವತ್ತೇ ತಲುಪ್ಸಿ. ಹಳೇ ಪೈಪ್ ಇದ್ರೆ ಸೀಸಕ್ಕೂ ಟೆಸ್ಟ್ ಮಾಡ್ಸಿ, ಅದಕ್ಕೆ ರಾತ್ರಿಯೆಲ್ಲಾ ಪೈಪಲ್ಲಿ ನಿಂತ ನೀರನ್ನ ಬೆಳಿಗ್ಗೆ ನಲ್ಲಿ ತಿರುಗಿಸಿದ ಕೂಡ್ಲೇ ಹಿಡೀಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನೈಟ್ರೇಟಿಗೆ (ಗೊಬ್ಬರ, ಕೊಳಚೆಯಿಂದ ನೀರಿಗಿಳಿಯೋ ಲವಣ) 50 ಮಿಲಿಗ್ರಾಂ, ಮನೇಲಿ ನೀರಲ್ಲಿ ಕಲಸಿದ ಪುಡಿ ಹಾಲನ್ನ ಬಾಟಲಲ್ಲಿ ಕುಡಿಯೋ ಮಗು ಇದ್ರೆ ಇದನ್ನಂತೂ ಬಿಡ್ಲೇಬೇಡಿ, ಯಾಕಂದ್ರೆ ಕುದಿಸಿದ್ರೆ ಕ್ರಿಮಿ ಸಾಯತ್ವೆ ಆದ್ರೆ ನೈಟ್ರೇಟ್ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಇನ್ನೂ ಜಾಸ್ತಿಯಾಗತ್ತೆ.

ಲೋಟದಲ್ಲಿ ನೀರು ಹಾಲಿನ ಥರ ಬಿಳಿಯಾಗಿದ್ರೆ ಗಾಬರಿ ಬೇಡ, ಎರಡು ನಿಮಿಷ ಇಡಿ. ತಳದಿಂದ ಮೇಲಕ್ಕೆ ತಿಳಿಯಾಗ್ತಾ ಬಂದ್ರೆ ಬರೀ ಗಾಳಿಗುಳ್ಳೆ.

ಕೆಟಲ್ ತಳದ ಬಿಳಿ ಪೊರೆಗೆ ವಿನೆಗರ್ ನೀರು ಅರ್ಧ ಅರ್ಧ ಹಾಕಿ ಬಿಸಿ ಮಾಡಿ ಅರ್ಧ ಗಂಟೆ ಬಿಡಿ, ಚುಯ್ ಅಂತ ಗುಳ್ಳೆ ಎದ್ದು ಕಳಚ್ಕೊಳತ್ತೆ. ಬ್ಲೀಚ್ ಜೊತೆ ಮಾತ್ರ ಯಾವತ್ತೂ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಬರತ್ತೆ.

ಗೀಸರ್, ವಾಷಿಂಗ್ ಮಷೀನ್ ಪದೇ ಪದೇ ಕೆಡ್ತಿದ್ದು ಟೆಸ್ಟಲ್ಲೂ ತುಂಬಾ ಗಡಸು ಅಂತ ಬಂದ್ರೆ ಆಗ ಸಾಫ್ಟ್‌ನರ್ ಯೋಚ್ನೆ ಮಾಡಿ. ಅದು ಕ್ಯಾಲ್ಸಿಯಂ ಮೆಗ್ನೀಸಿಯಂ ಹಿಡ್ಕೊಂಡು ಆ ಜಾಗಕ್ಕೆ ಸೋಡಿಯಂ ಬಿಡತ್ತೆ, ಕ್ರಿಮಿ ಕೊಲ್ಲಲ್ಲ. ಲೀಟರಿಗೆ 300 ಮಿಲಿಗ್ರಾಂ ಗಡಸಿನ ನೀರನ್ನ ಪೂರ್ತಿ ಮೆದು ಮಾಡಿದ್ರೆ ಲೀಟರಿಗೆ ಹತ್ತಿರ ಹತ್ತಿರ 140 ಮಿಲಿಗ್ರಾಂ ಸೋಡಿಯಂ ಸೇರತ್ತೆ, ಬಿಪಿಗೆ ಉಪ್ಪು ಕಮ್ಮಿ ಮಾಡಿ ಅಂತ ಡಾಕ್ಟರ್ ಹೇಳಿರೋರಿಗೆ ಇದು ಸಣ್ಣ ಲೆಕ್ಕ ಅಲ್ಲ, ಅದಕ್ಕೇ ಪ್ಲಂಬರ್ ಬಂದ ದಿನಾನೇ ಅಡುಗೆಮನೆ ತಣ್ಣೀರ ನಲ್ಲಿಯನ್ನ ಸಾಫ್ಟ್‌ನರ್ ಲೈನಿಗೆ ಸೇರಿಸ್ದೆ ಬೇರೆ ಬಿಡೋಕೆ ಹೇಳಿ.