ಪಾನಕ ಕುಡಿದು ಉಬ್ಬಸ ಬಂದ ಕಥೆ

ರಾಮನವಮಿಯ ಪಾನಕ ಕುಡಿದು ಐದು ನಿಮಿಷ ಆಗಿರಲಿಲ್ಲ, ಎದೆ ಬಿಗಿಯಿತು. ಚಿಕ್ಕಂದಿನಿಂದ ಅಸ್ತಮಾ ಇರುವವಳು, ಇನ್‌ಹೇಲರ್ ಚೀಲದಲ್ಲೇ ಇತ್ತು. "ತಣ್ಣಗಿರೋದು ಕುಡಿದ್ಯಲ್ಲ, ಅದಕ್ಕೇ" ಅಂದರು ಅತ್ತೆ. ಐಸ್‌ಕ್ರೀಂ ತಿಂದರೆ ಏನೂ ಆಗದವಳಿಗೆ ಪಾನಕದ ತಂಪು ತಾಗಿತೇ?

ತಿಂದದ್ದನ್ನೆಲ್ಲ ಬರೆದಿಡಿ ಅಂದರು ಡಾಕ್ಟರು. ಮಗನ ಹಳೇ ನೋಟ್‌ಬುಕ್ಕಿನಲ್ಲಿ ಎರಡು ತಿಂಗಳು ಬರೆದೆ: ಏನು ತಿಂದೆ, ಎಷ್ಟು ಹೊತ್ತಿಗೆ, ಕೆಮ್ಮು ಯಾವಾಗ. ಬೇಸರದ ಕೆಲಸ. ಆದರೆ ಕೆಮ್ಮಿನ ಪಕ್ಕ ಮತ್ತೆ ಮತ್ತೆ ಬಂದದ್ದು ಎರಡೇ, ಬಾಟಲಿಯ ನಿಂಬೆ ಸ್ಕ್ವಾಷ್ ಮತ್ತು ಹೊಂಬಣ್ಣದ ಒಣದ್ರಾಕ್ಷಿ. ಬಾಟಲಿಯ ಹಿಂದೆ ಸಣ್ಣಕ್ಷರದಲ್ಲಿ ಐಎನ್‌ಎಸ್ 224 ಎಂದಿತ್ತು. ತಿನಿಸಿಗೆ ಸೇರಿಸುವ ವಸ್ತುಗಳಿಗೆ ಕೊಡುವ ನಂಬರು ಅದು; 224 ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. 220ರಿಂದ 228ರವರೆಗಿನವೆಲ್ಲ ಇದೇ ಜಾತಿ, ತಿನಿಸು ಕೆಡದಂತೆ, ಬಣ್ಣ ಮಾಸದಂತೆ ಹಾಕುವ ಸಲ್ಫೈಟ್‌ಗಳು. ಹುಳಿ ಸೇರಿದರೆ ಸಲ್ಫರ್ ಡೈಆಕ್ಸೈಡ್ ಬಿಡುತ್ತವೆ; ಲೋಟ ಬಾಯಿಗಿಟ್ಟಾಗ ಅದು ಉಸಿರಿಗೂ ಹೋಗುತ್ತದೆ. ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಅಸ್ತಮಾ ಇರುವ ಕೆಲವರಿಗೆ ಶ್ವಾಸನಾಳ ಬಿಗಿಯುತ್ತದೆ. ದ್ರಾಕ್ಷಿಗೆ ಆ ಹೊಂಬಣ್ಣ ಉಳಿಯಲು ಗಂಧಕದ ಹೊಗೆ ಕೊಡುತ್ತಾರೆ.

ಸರಿ, ಪಾನಕ? ಬೆಲ್ಲ, ನಿಂಬೆ, ಏಲಕ್ಕಿ, ಮೆಣಸು. ಇದರಲ್ಲಿ ಯಾವ ನಂಬರು?

ಉತ್ತರ ಸಿಕ್ಕಿದ್ದು ಮಂಡ್ಯದ ಕಡೆಯ ನೆಂಟರ ಊರಿನ ಆಲೆಮನೆಯಲ್ಲಿ. ಕೊಪ್ಪರಿಗೆಯಲ್ಲಿ ಕುದಿಯುತ್ತಿದ್ದ ಕಬ್ಬಿನ ಹಾಲಿಗೆ ಬಿಳಿ ಪುಡಿ ಬಿತ್ತು. ಕಂದುಬಣ್ಣ ಕಣ್ಣೆದುರೇ ಹಳದಿಗೆ ತಿರುಗಿತು.

"ಏನಣ್ಣ ಅದು?"

"ಹೈಡ್ರೋಸ್ ಕಣಕ್ಕ. ಹಾಕ್ದೆ ಇದ್ರೆ ಕರ್ರಗಾಯ್ತದೆ, ಯಾರೂ ಮುಟ್ಟಾಕಿಲ್ಲ."

ಹೈಡ್ರೋಸ್ ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಬಣ್ಣ ತಿಳಿಯಾಗಿಸುವ ಇದೂ ಗಂಧಕದ್ದೇ ರಾಸಾಯನಿಕ. ಬೈಯೋಣ ಅಂದರೆ ಬಾಯಿ ಬರಲಿಲ್ಲ. ಅಂಗಡಿಯಲ್ಲಿ ಹಳದಿ ಅಚ್ಚನ್ನೇ ಆರಿಸಿ ತರುತ್ತಿದ್ದವಳು ನಾನೇ ತಾನೆ? ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆದ ಕರಿಬೆಲ್ಲ ಅವರ ಮನೆಗೆ ಮಾತ್ರ ಮಾಡಿಟ್ಟಿದ್ದರು. ಎರಡು ಕೆಜಿ ಕೇಳಿ ತಂದೆ.

ಡಾಕ್ಟರನ್ನು ಕೇಳಿ, ಇನ್‌ಹೇಲರ್ ಪಕ್ಕದಲ್ಲಿಟ್ಟುಕೊಂಡು, ಆ ಬೆಲ್ಲದಲ್ಲಿ ಪಾನಕ ಮಾಡಿ ಕುಡಿದೆ. ಏನೂ ಆಗಲಿಲ್ಲ. ಹಳದಿ ಬೆಲ್ಲದ್ದನ್ನೂ ಕುಡಿದು ನೋಡಲು ಹೊರಟವಳನ್ನು ಅವರೇ ತಡೆದರು: ಅಂಥ ಪರೀಕ್ಷೆ ಆಸ್ಪತ್ರೆಯಲ್ಲೇ ಆಗಬೇಕು, ಮನೆಯಲ್ಲಲ್ಲ. ಹಾಗಾಗಿ ಬೆಲ್ಲದ ಮೇಲಿನದ್ದು ಇನ್ನೂ ಅನುಮಾನವೇ.

ಪೊಟ್ಟಣದ ಮಾಲಾದರೆ ಸುಲಭ: ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಸಲ್ಫೈಟ್ ಇದ್ದರೆ ಲೇಬಲ್ಲಿನಲ್ಲಿ ಹೇಳಲೇಬೇಕೆಂಬ ನಿಯಮವಿದೆ. ಬಿಡಿಯಾಗಿ ತೂಗಿ ಕೊಡುವುದಕ್ಕೆ ಬಣ್ಣ ನೋಡಿ ಅಂದಾಜು ಮಾಡಬೇಕು, ಅದೂ ಪೂರ್ತಿ ನಂಬುವ ಹಾಗಿಲ್ಲ. ಈಗ ಅಂಗಡಿಯಲ್ಲಿ ಕರಿಬೆಲ್ಲ ಕೇಳಿದರೆ ಹುಡುಗ ಕೇಳುತ್ತಾನೆ, "ಹಸುಗಾ ಅಕ್ಕ?"